ಪೈಪಿಗೆ ಫ್ಯಾನು ಸಿಕ್ಕಿಸಿದರೆ ಕಾರು ಘಾಟಿ ಹತ್ತುತ್ತಾ?

ನಮಸ್ಕಾರ. ಚಾರ್ಮಾಡಿ ಘಾಟಿಯಲ್ಲಿ 1.2 ಲೀಟರ್ ಕಾರು ಏದುಸಿರು ಬಿಡುವುದನ್ನು ನೀವೂ ನೋಡಿರುತ್ತೀರಿ. ಒಳಗೆ ಐದು ಜನ, ಡಿಕ್ಕಿ ತುಂಬಾ ಲಗೇಜು, ಎಸಿ ಬೇರೆ. ಆಕ್ಸಿಲರೇಟರ್ ಪೂರ್ತಿ ತುಳಿದರೂ ಗಾಡಿ ಎಳೆಯುವುದಿಲ್ಲ. ಊರು ಮುಟ್ಟಿ ಫೋನ್ ತೆರೆದರೆ ‘ಎಲೆಕ್ಟ್ರಿಕ್ ಸೂಪರ್‌ಚಾರ್ಜರ್’ ಕಣ್ಣಿಗೆ ಬೀಳುತ್ತದೆ. ಏರ್ ಫಿಲ್ಟರ್ ಪೈಪಿಗೆ ಒಂದು ಫ್ಯಾನು, ಬ್ಯಾಟರಿಗೆ ಎರಡು ವೈರು, ಅಷ್ಟೇ. ಎಂಜಿನ್ ಒಳಗೆ ಗಾಳಿ ಹೆಚ್ಚಾದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಬಲವೂ ಹೆಚ್ಚುತ್ತದೆ; ಈ ಫ್ಯಾನು ಆ ಹೆಚ್ಚಿನ ಗಾಳಿ ಊದುತ್ತದಂತೆ.

ದಯವಿಟ್ಟು ಕೊಳ್ಳಬೇಡಿ. ಯಾಕೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ.

ಈ ಎಂಜಿನ್ ಪ್ರತಿ ಎರಡು ಸುತ್ತಿಗೆ 1.2 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 6000 ಸುತ್ತು ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 60 ಲೀಟರ್. ಮನೆಗೆ ತರಿಸುವ ನೀರಿನ ಕ್ಯಾನ್ ಇದೆಯಲ್ಲ, ಅಂಥ ಮೂರು ಕ್ಯಾನಿನಷ್ಟು ಗಾಳಿ, ಒಂದೇ ಸೆಕೆಂಡಿನಲ್ಲಿ! ಅದನ್ನು ಸುಮ್ನೆ ಊದಿದರೆ ಸಾಲದು, ಒತ್ತಿ ತುಂಬಬೇಕು. ಅರ್ಧ ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಅರ್ಧದಷ್ಟು, ಹೆಚ್ಚುವರಿ ಒತ್ತಡಕ್ಕೆ ಸುಮಾರು 5 ಕಿಲೋವ್ಯಾಟ್ ಬೇಕು. 12 ವೋಲ್ಟಿನಲ್ಲಿ ಅದು 400 ಆಂಪಿಯರ್‌ಗೂ ಜಾಸ್ತಿ. ಸಣ್ಣ ಕಾರಿನಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ನೂರು ಕೊಟ್ಟರೇ ಹೆಚ್ಚು. ಇನ್ನು ಆ ಫ್ಯಾನಿನ ಸಣ್ಣ ವೈರಿನಲ್ಲಿ 10 ಆಂಪಿಯರ್ ಹರಿಯಿತು ಅಂತಿಟ್ಟುಕೊಳ್ಳಿ. 120 ವ್ಯಾಟ್ ಆಯಿತು. ಚಟ್ನಿ ಅರೆಯುವ ಮಿಕ್ಸಿಗೇ 500, 750 ವ್ಯಾಟ್ ಇರುತ್ತದೆ, ಅಲ್ವಾ? ಎಂಜಿನ್ ಜೋರಾಗಿ ಎಳೆಯುವಾಗ ಈ ಫ್ಯಾನು ಗಾಳಿಗೇ ಅಡ್ಡ ನಿಲ್ಲುತ್ತದೆ. ಫಿಲ್ಟರ್ ಆಚೆ, ಎಂಜಿನ್ ಕಡೆಗೆ ಕೂರಿಸಿದ ಫ್ಯಾನಿನ ರೆಕ್ಕೆ ಮುರಿದರೆ ಚೂರು ನೇರ ಎಂಜಿನ್ ಒಳಗೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಹಾಗಂತ ಈ ತಂತ್ರವೇ ಸುಳ್ಳಲ್ಲ. 2016ರಲ್ಲಿ ಬಂದ ಆಡಿ ಎಸ್‌ಕ್ಯೂ7 ಡೀಸೆಲ್‌ನಲ್ಲಿ ನಿಜವಾದ ಎಲೆಕ್ಟ್ರಿಕ್ ಕಂಪ್ರೆಸರ್ ಇದೆ. 7 ಕಿಲೋವ್ಯಾಟ್ ಮೋಟಾರು, ಕಾಲು ಸೆಕೆಂಡಿನಲ್ಲಿ ನಿಮಿಷಕ್ಕೆ 70,000 ಸುತ್ತಿನ ವೇಗ ಮುಟ್ಟುತ್ತದೆ. ಆದರೆ ಅದಕ್ಕೆಂದೇ 48 ವೋಲ್ಟಿನ ವ್ಯವಸ್ಥೆ, ಬೇರೆ ಲಿಥಿಯಂ ಬ್ಯಾಟರಿ ಇಟ್ಟಿದ್ದಾರೆ. ಇಷ್ಟಾದರೂ ಅದರ ಕೆಲಸ ಗಾಳಿ ಒತ್ತಿ ತುಂಬುವ ಎರಡು ಟರ್ಬೋಗಳು ವೇಗ ಹಿಡಿಯುವವರೆಗೆ ಮಾತ್ರ.

ಸಣ್ಣ ಕಾರಿಗೆ ಅಷ್ಟೆಲ್ಲ ಹೇರಿದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಟರ್ಬೋ ಆದರೆ ಹೊಗೆಯ ಜೊತೆ ಪೋಲಾಗುವ ಶಕ್ತಿಯಲ್ಲೇ ತಿರುಗುತ್ತದೆ. ಮಾರುತಿ ಫ್ರಾಂಕ್ಸ್ ನೋಡಿ. ಟರ್ಬೋ ಇಲ್ಲದ 1.2 ಲೀಟರ್ ಎಂಜಿನ್ 4400 ಸುತ್ತಿನಲ್ಲಿ 113 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. 1 ಲೀಟರ್ ಟರ್ಬೋ 2000 ಸುತ್ತಿಗೇ ಸುಮಾರು 148 ಕೊಡುತ್ತದೆ. ಘಾಟಿಯಲ್ಲಿ ಬೇಕಾಗಿರುವುದು ಇದೇ. ಹೊಸ ಕಾರು ಕೊಳ್ಳುವವರು ಕಂಪನಿಯಿಂದಲೇ ಟರ್ಬೋ ಇರುವುದನ್ನು ತೆಗೆದುಕೊಳ್ಳಿ.

ಇರುವ ಕಾರಿನಲ್ಲೇ ಹತ್ತಬೇಕಾದವರು ತಿರುವಿಗೆ ಮುಂಚೆಯೇ ಎರಡನೇ ಗೇರಿಗೆ ಇಳಿಸಿ. ಎಂಜಿನ್ ಸುತ್ತು ತೋರಿಸುವ ಮುಳ್ಳು 4000ದ ಆಸುಪಾಸಿನಲ್ಲಿರಲಿ. ಶಬ್ದ ಜಾಸ್ತಿ ಬರುತ್ತದೆ, ಬರಲಿ ಬಿಡಿ. ಆ ಎಂಜಿನ್‌ಗೆ ಬಲ ಇರುವುದೇ ಅಲ್ಲಿ.