ಎದೆ ಡವಡವ ಅಂದಾಗ

ಎಲ್ಲರಿಗೂ ನಮಸ್ಕಾರ. ಇವತ್ತು ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಉಕ್ಕುವ ವಿಪರೀತ ಭಯದ ಬಗ್ಗೆ ಮಾತಾಡುತ್ತೇನೆ.

ಮಂಡ್ಯದಿಂದ ಮೈಸೂರಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಒಬ್ಬ ಹೆಣ್ಣುಮಗಳು ಥೆರಪಿಗೆ ನನ್ನ ಬಳಿ ಬಂದಿದ್ದರು. ಅವರನ್ನು ಕೇಳಿಯೇ ಈ ಕಥೆ ಹೇಳುತ್ತಿದ್ದೇನೆ, ಹೆಸರು ಬೇಡ. ಶ್ರೀರಂಗಪಟ್ಟಣದ ಹತ್ತಿರ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡಿತಂತೆ. ಉಸಿರು ಕಟ್ಟಿತು, ಮೈ ಬೆವರಿತು, ಬೆರಳುಗಳು ಜೋಮು ಹಿಡಿದವು. 'ಜೀವ ಹೋಯ್ತು ಅಂದ್ಕೊಂಡೆ ಮೇಡಂ' ಎಂದರು. ಆಸ್ಪತ್ರೆಯಲ್ಲಿ ಇಸಿಜಿ ನಾರ್ಮಲ್ ಬಂತು. 'ಏನೂ ಇಲ್ಲ, ಸುಮ್ನೆ ಟೆನ್ಷನ್' ಅಂತ ಕಳಿಸಿದರು. ಮನೆಯಲ್ಲಿ ಅತ್ತೆ ದೃಷ್ಟಿ ತೆಗೆದರು.

ನನಗೆ ಸಂಕಟ ಆಗುವುದು ಆ 'ಏನೂ ಇಲ್ಲ' ಎಂಬ ಮಾತಿಗೆ. ಹೃದಯಕ್ಕೆ ಏನೂ ಆಗಿಲ್ಲ, ನಿಜ. ಆದರೆ ಅವರು ಪಟ್ಟ ಪಾಡು ಸುಳ್ಳಲ್ಲ, ಅಲ್ವಾ?

ನಮ್ಮ ಕಡೆ ಕಬ್ಬಿನ ಗದ್ದೆಯಿಂದ ಚಿರತೆ ಹೊರಗೆ ಬರುವುದು ಹೊಸದೇನಲ್ಲ. ಎದುರಿಗೆ ಕಂಡರೆ ಮೈ ಏನು ಮಾಡುತ್ತದೆ? ಅಡ್ರಿನಲಿನ್ ಎಂಬ ಹಾರ್ಮೋನು ಉಕ್ಕುತ್ತದೆ, ಓಡಲಿ ಅಂತ ಕಾಲಿಗೆ ರಕ್ತ ನುಗ್ಗುತ್ತದೆ, ಉಸಿರು ಜೋರಾಗುತ್ತದೆ. ಪ್ಯಾನಿಕ್ ಅಟ್ಯಾಕ್‌ನಲ್ಲಿ ಆಗುವುದೂ ಇದೇ. ಚಿರತೆ ಮಾತ್ರ ಇಲ್ಲ. ಕೂತಲ್ಲೇ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ತಲೆ ಸುತ್ತುವುದು, ಜೋಮು ಹಿಡಿಯುವುದು ಅದರಿಂದಲೇ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇದು ಏರಬೇಕಾದಷ್ಟು ಏರಿ, ಆಮೇಲೆ ತಾನಾಗಿ ಇಳಿಯುತ್ತದೆ.

ಹಾಗಂತ ಮೊದಲ ಸಲ ಎದೆನೋವು ಬಂದಾಗ 'ಪ್ಯಾನಿಕ್ ಇರಬೇಕು' ಅಂತ ಮನೆಯಲ್ಲೇ ಕೂರಬೇಡಿ. ಹೃದಯ ತೋರಿಸಿಕೊಳ್ಳಲೇಬೇಕು.

1986ರಲ್ಲಿ ಡೇವಿಡ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಮುಖ್ಯವಾದ ಮಾತು ಹೇಳಿದರು. ಎದೆ ಹೊಡೆದುಕೊಂಡ ಕೂಡಲೇ 'ಸಾಯ್ತೀನಿ' ಅಂದುಕೊಳ್ಳುತ್ತೇವೆ. ಆ ಯೋಚನೆಗೆ ಭಯ ಹೆಚ್ಚುತ್ತದೆ, ಭಯಕ್ಕೆ ಎದೆ ಇನ್ನೂ ಜೋರಾಗುತ್ತದೆ. ಗಾಣದ ಎತ್ತಿನ ಹಾಗೆ ಅದೇ ಸುತ್ತು. ಮತ್ತೆ ಹಾಗಾದೀತು ಅಂತ ಹೆದರಿ ಆ ಹೆಣ್ಣುಮಗಳು ಮೊದಲು ಬಸ್ಸು ಬಿಟ್ಟರು. ಆಮೇಲೆ ಸಂತೆ ಬಿಟ್ಟರು, ಮದುವೆಮನೆ ಬಿಟ್ಟರು. ಕೊನೆಗೆ ಮನೆಯಲ್ಲಿ ಒಬ್ಬರೇ ಇರುವುದಕ್ಕೂ ಹೆದರಿಕೆ.

ಥೆರಪಿ ಅಂದರೆ ಕೂರಿಸಿಕೊಂಡು ಬುದ್ಧಿ ಹೇಳುವುದಲ್ಲ. 'ಧೈರ್ಯ ತಂದ್ಕೊ' ಅಂತ ಅವರಿಗೆ ಊರೆಲ್ಲ ಹೇಳಿಯಾಗಿತ್ತು. ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಲ್ಲಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಚಿಕಿತ್ಸೆಯಲ್ಲಿ, ನಾವು ಆ ಭಯವನ್ನೇ ಬೇಕಂತ ಕರೆಯುತ್ತೇವೆ. ಕುರ್ಚಿಯಲ್ಲಿ ಗಿರಗಿರ ತಿರುಗಿದೆವು, ತಲೆ ಸುತ್ತಲಿ ಅಂತ. ಮೆಟ್ಟಿಲು ಹತ್ತಿ ಇಳಿದೆವು, ಎದೆ ಹೊಡೆದುಕೊಳ್ಳಲಿ ಅಂತ. 'ಚಾಮುಂಡಿ ಬೆಟ್ಟ ಹತ್ತುವಾಗಲೂ ಹೀಗೇ ಆಗ್ತಿತ್ತಲ್ಲ ಮೇಡಂ' ಅಂತ ಅವರೇ ಹೇಳಿದರು. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ! ನಂತರ ಬಸ್ಸು. ಮೊದಲು ಮಂಡ್ಯದ ಹತ್ತಿರದ ಇಂಡುವಾಳಿನವರೆಗೆ, ಗಂಡನ ಜೊತೆ. ಆಮೇಲೆ ಒಬ್ಬರೇ. ಭಯ ಬಂದರೆ ಇಳಿಯಬಾರದು, ಅದು ಇಳಿಯುವವರೆಗೆ ಕೂತಿರಬೇಕು. ಇದು ಕಷ್ಟದ ಕೆಲಸ, ಮೂರು ತಿಂಗಳು ಹಿಡಿಯಿತು.

ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಅದು ಕೆಲಸ ಮಾಡಲು ಕೆಲವು ವಾರ ಬೇಕು. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಯಾರ ಹತ್ತಿರ ಹೋಗಬೇಕು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅವರು ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಶ್ರೀರಂಗಪಟ್ಟಣ ಬಂದಾಗ ಒಂದೊಂದು ದಿನ ಎದೆ ಹೊಡೆದುಕೊಳ್ಳುತ್ತದಂತೆ. ಅವರು ಸೀಟು ಬಿಟ್ಟು ಏಳುವುದಿಲ್ಲ.

ಈಗ ನೀವು ಕೇಳಿ. ಎಲ್ಲರ ಮುಂದೆ ಕೇಳಲು ಮುಜುಗರ ಆದರೆ, ಹೊರಗೆ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕೂತಿರುತ್ತೇನೆ, ಬನ್ನಿ.