ಹಲಬ್ಜಾ ಎಂಬ ಗಡಿ ಊರು

ಕೇಳುಗರಿಗೆ ನಮಸ್ಕಾರ. ಖಾನ್ ಬಹಾದ್ದೂರ್ ಎಂಬ ಬಿರುದು ನಿಮಗೆ ಗೊತ್ತಿರುವುದೇ. ಬ್ರಿಟಿಷರು ನಮ್ಮ ದೇಶದ ಮುಸ್ಲಿಂ ಗಣ್ಯರಿಗೆ ಕೊಡುತ್ತಿದ್ದದ್ದು. ಅವರು ಇರಾಕನ್ನು ಹಿಡಿದಾಗ ಅದೇ ಬಿರುದನ್ನು ಅಲ್ಲಿಗೂ ಹೊತ್ತೊಯ್ದು ಇರಾಕ್-ಇರಾನ್ ಗಡಿಯ ಬೆಟ್ಟನಾಡಿನ ಕುರ್ದ್ ಜನಾಂಗದ ಒಬ್ಬ ಹೆಂಗಸಿಗೆ ಕೊಟ್ಟರು. ಅವರೇ ಆದಿಲಾ ಖಾನಂ. ಊರು ಹಲಬ್ಜಾ, ಕುರ್ದರ ಬಾಯಲ್ಲಿ ಹೆಲೆಬ್ಜೆ.

ಬಾಗ್ದಾದಿನಿಂದ ಈಶಾನ್ಯಕ್ಕೆ ಸುಮಾರು 240 ಕಿಲೋಮೀಟರ್ ಹೋದರೆ ಈ ಊರು. ಬೆನ್ನಿಗೆ ಹವ್ರಾಮಾನ್ ಬೆಟ್ಟಸಾಲು, ಅದರಾಚೆ ಇರಾನ್. ಎದುರಿಗೆ ಶಹ್ರಿಜೋರ್ ಬಯಲು, ದಕ್ಷಿಣಕ್ಕೆ ಸಿರ್ವಾನ್ ಹೊಳೆ. ಬೆಟ್ಟದ ಹಿಮ ಕರಗಿದ ನೀರು ಬಯಲಿಗಿಳಿಯುವುದರಿಂದ ಅಲ್ಲಿ ದಾಳಿಂಬೆ ಚೆನ್ನಾಗಿ ಬರುತ್ತದೆ. ಮೇಲೆ ಬಿಯಾರಾ, ತವೇಲಾ ಎಂಬ ಹಳ್ಳಿಗಳಲ್ಲಿ ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಕೆಳಗಿನ ಮನೆಯ ಮಾಳಿಗೆಯೇ ಮೇಲಿನವರ ಅಂಗಳ. ಅಲ್ಲಿಯ ‘ಕಲಾಶ್’ ಎಂಬ ಬಿಳಿ ಮೆಟ್ಟು ಹೆಸರುವಾಸಿ. ಮೇಲ್ಭಾಗ ಹತ್ತಿ ನೂಲಿನ ಹೆಣಿಗೆ, ಅಟ್ಟೆ ಬಟ್ಟೆಚಿಂದಿಯನ್ನು ಬಡಿದು ಬಿಗಿದದ್ದು.

ಆದಿಲಾ ಖಾನಂ ಬೆಟ್ಟದಾಚೆಯ ಸನಂದಜ್‌ನ ಮಗಳು. ಜಾಫ್ ಬುಡಕಟ್ಟಿನ ಉಸ್ಮಾನ್ ಪಾಶಾನನ್ನು ಮದುವೆಯಾಗಿ ಇತ್ತ ಬಂದರು. ಆಗ ಇರಾಕನ್ನು ಆಳುತ್ತಿದ್ದ ತುರ್ಕರ ಕಡೆಯಿಂದ ಅಧಿಕಾರಿಯಾಗಿದ್ದ ಗಂಡ ಊರೂರು ತಿರುಗುತ್ತಿದ್ದರೆ, ಆಡಳಿತ ನಿಧಾನವಾಗಿ ಹೆಂಡತಿಯ ಕೈಗೆ ಬಂತು. ಪೇಟೆ ಕಟ್ಟಿಸಿದರು, ತೋಟ ಹಾಕಿಸಿದರು, ಸೆರೆಮನೆ ಕಟ್ಟಿಸಿದರು, ನ್ಯಾಯಪೀಠದಲ್ಲಿ ಕೂತು ತೀರ್ಪನ್ನೂ ಕೊಟ್ಟರು. ಕುಗ್ರಾಮದಂತಿದ್ದ ಜಾಗ ಪಟ್ಟಣವಾಯಿತು. 1924ರಲ್ಲಿ ತೀರಿಕೊಂಡರು. ಆಧುನಿಕ ಕುರ್ದಿ ಕಾವ್ಯಕ್ಕೆ ಹೊಸ ದಾರಿ ತೋರಿಸಿದ ಕವಿ ಅಬ್ದುಲ್ಲಾ ಗೋರಾನ್ ಹುಟ್ಟಿದ್ದೂ ಇದೇ ಊರಲ್ಲಿ, 1904ರಲ್ಲಿ.

ಆದರೆ ಲೋಕ ಹಲಬ್ಜಾದ ಹೆಸರು ಕಲಿತದ್ದು ಬೇರೆ ಕಾರಣಕ್ಕೆ.

ಇರಾನ್-ಇರಾಕ್ ಯುದ್ಧದ ಕೊನೆಯ ವರ್ಷ. 1988ರ ಮಾರ್ಚಿನಲ್ಲಿ ಇರಾನಿನ ಸೇನೆ, ಕುರ್ದ್ ಪೇಶ್‌ಮರ್ಗಾ ಹೋರಾಟಗಾರರು ಸೇರಿ ಊರನ್ನು ವಶಪಡಿಸಿಕೊಂಡರು. 16ರಂದು ಸದ್ದಾಂ ಹುಸೇನನ ವಿಮಾನಗಳು ಬಂದವು. ಮೊದಲು ಬಿದ್ದದ್ದು ಮಾಮೂಲಿ ಬಾಂಬು. ಬಾಂಬಿನ ಅಭ್ಯಾಸವಿದ್ದ ಜನ ನೆಲಮಾಳಿಗೆಗೆ ಇಳಿದರು. ಆಮೇಲೆ ಬಂತು ವಿಷಾನಿಲ. ಅದು ಗಾಳಿಗಿಂತ ಭಾರ. ತಗ್ಗು ಹುಡುಕಿಕೊಂಡು ಹೋಗುತ್ತದೆ. ಯಾವ ಜಾಗ ಕಾಪಾಡಬೇಕಿತ್ತೋ ಅಲ್ಲಿಗೇ ಇಳಿಯಿತು. ಸೇಬಿನ ವಾಸನೆ ಬಂತೆಂದು ಬದುಕುಳಿದವರು ಹೇಳುತ್ತಾರೆ. ಸತ್ತವರು ಸುಮಾರು 5,000. ಕೂಸನ್ನು ತಬ್ಬಿಕೊಂಡು ಹೊಸ್ತಿಲ ಬಳಿ ಬಿದ್ದಿದ್ದ ಉಮರ್ ಖಾವರ್ ಎಂಬಾತನ ಫೋಟೋ ಆಗ ಜಗತ್ತೆಲ್ಲ ಸುತ್ತಿತು. ಈ ದಾಳಿಯ ಹಿಂದಿದ್ದ ಅಲಿ ಹಸನ್ ಅಲ್-ಮಜೀದನನ್ನು ಗಲ್ಲಿಗೇರಿಸಿದ್ದು 2010ರಲ್ಲಿ.

ನನ್ನನ್ನು ಹೆಚ್ಚು ಕಾಡುವುದು 2006ರ ಮಾರ್ಚ್ 16. ಸತ್ತವರ ಹೆಸರು ಕೆತ್ತಿದ್ದ ಸ್ಮಾರಕಕ್ಕೆ ಆ ದಿನ ಊರಿನವರೇ ಬೆಂಕಿ ಇಟ್ಟರು. ವರ್ಷಕ್ಕೊಮ್ಮೆ ಕಾರುಗಳಲ್ಲಿ ಬಂದು ಹಾರ ಹಾಕಿ ಹೋಗುವ ನಾಯಕರು ಊರಿಗೆ ರಸ್ತೆ, ನೀರು ಕೊಟ್ಟಿಲ್ಲವೆಂಬ ಸಿಟ್ಟು. ಗುಂಡು ಹಾರಿತು, ಪ್ರತಿಭಟನೆಗೆ ಬಂದಿದ್ದ ಒಬ್ಬ ಹುಡುಗ ಸತ್ತ. ಸ್ಮಾರಕವನ್ನು ಮತ್ತೆ ಕಟ್ಟಿದರು. ಬೆಂಕಿ ಇಟ್ಟದ್ದು ಸರಿಯೇ ಎಂದು ಕೇಳಬೇಡಿ. ಅವರ ಜಾಗದಲ್ಲಿ ನಿಂತು ಉತ್ತರ ಹೇಳುವ ಧೈರ್ಯ ನನಗಿಲ್ಲ.

2025ರ ಏಪ್ರಿಲಿನಲ್ಲಿ ಬಾಗ್ದಾದಿನ ಸಂಸತ್ತು ಹಲಬ್ಜಾವನ್ನು ದೇಶದ 19ನೇ ಪ್ರಾಂತವೆಂದು ಒಪ್ಪಿಕೊಂಡಿತು. ಈಗ ಶರತ್ಕಾಲ ಬಂತೆಂದರೆ ಅಲ್ಲಿ ದಾಳಿಂಬೆ ಹಬ್ಬ. ತೋಟದವರು ರಾಶಿ ಹಾಕಿ ಕೂರುತ್ತಾರೆ. ರಸ ಬತ್ತಿಸಿ ಮಾಡಿದ ಹುಳಿ ಪಾಕದ ಬಾಟಲಿಗಳೂ ಪಕ್ಕದಲ್ಲಿ ಇರುತ್ತವೆ. ನಮಸ್ಕಾರ.