ಹಿಂದೆ ಸರಿಯುವ ಮಾರ್ದನಿ

ಬಾನುಲಿ ಕೇಳುಗರಿಗೆ ನಮಸ್ಕಾರ.

ಉಡುಪಿಯ ಆಸುಪಾಸಿನಲ್ಲಿ ಮನೆ ಕಟ್ಟುವ ಕೆಂಪುಕಲ್ಲನ್ನು ಕಡಿದು ತೆಗೆದು, ಕಲ್ಲು ಮುಗಿದ ಮೇಲೆ ಹಾಗೆಯೇ ಬಿಟ್ಟುಹೋದ ಕೋರೆಗಳಿವೆ. ಶಾಲೆಯಿಂದ ಬರುವಾಗ ಅಂಥದೊಂದು ಕೋರೆಯ ಅಂಚಿನಲ್ಲಿ ನಿಂತು ಕೂ ಹಾಕುವುದು ನಮ್ಮ ನಿತ್ಯದ ಕೆಲಸವಾಗಿತ್ತು. ಕರಾವಳಿಯ ಸೆಕೆಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಸಾಗುತ್ತದೆ. ಎದುರಿನ ಗೋಡೆ 50 ಮೀಟರ್ ದೂರವಿದ್ದರೆ ಕೂಗು ಹೋಗಿ ಮರಳುವುದಕ್ಕೆ 290 ಮಿಲಿಸೆಕೆಂಡಿನಷ್ಟು ಹೊತ್ತು ಬೇಕು. ಮರಳಿ ಬಂದ ಕೂಗು ಸಣ್ಣದಾಗಿರುತ್ತಿತ್ತು ಎಂಬುದಷ್ಟೇ ಅಲ್ಲ, ಅದರ ಅಂಚು ಸವೆದಿರುತ್ತಿತ್ತು. ಹೆಸರು ಹಿಡಿದು ಕೂಗಿದರೆ ಸ್ವರಗಳು ಮರಳುತ್ತಿದ್ದವು, ಸಕಾರ ಚಕಾರಗಳು ದಾರಿಯಲ್ಲೇ ಉಳಿಯುತ್ತಿದ್ದವು. ತಾರ ಕಂಪನಗಳನ್ನು, ಅಂದರೆ ಎತ್ತರದ ಶ್ರುತಿಯ ಸದ್ದುಗಳನ್ನು, ಗಾಳಿ ಹೆಚ್ಚು ಹೀರುತ್ತದೆ. ತೂತುತೂತಾದ ಕಲ್ಲೂ ಅದರ ಮೇಲೆ ಬೆಳೆದ ಪೊದೆಗಳೂ ಉಳಿದುದನ್ನು ಚದುರಿಸುತ್ತವೆ.

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರು ಕಂಪ್ಯೂಟರಿನಲ್ಲಿ ಬಳಸುವ ‘ಡಿಲೇ’ ಎಂಬ ಸಾಧನ ಈ ಮಾರ್ದನಿಯ ಅನುಕರಣೆಯೇ. ಬಂದ ಧ್ವನಿಯನ್ನು ಅದು ಸ್ವಲ್ಪ ಹೊತ್ತು ಹಿಡಿದಿಟ್ಟು ಬಿಡುತ್ತದೆ; ಬಿಟ್ಟುದರಲ್ಲಿ ಒಂದು ಪಾಲನ್ನು ಮತ್ತೆ ಒಳಕ್ಕೆ ಕಳಿಸಿದರೆ ಎರಡನೆಯ, ಮೂರನೆಯ ಮಾರ್ದನಿಗಳು ಹುಟ್ಟುತ್ತವೆ. ಹಾಗೆ ಮರಳಿಸುವ ಪಾಲಿಗೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಆದರೆ ಕಂಪ್ಯೂಟರಿಗೆ ಗಾಳಿಯೂ ಇಲ್ಲ, ಕಲ್ಲೂ ಇಲ್ಲ. ಅದು ಕೊಡುವ ಪ್ರತಿ, ಕೆಲವು ಕಂಪನಗಳನ್ನು ಸೋಸಿ ತೆಗೆಯುವ ಫಿಲ್ಟರ್ ಹಾಕದಿದ್ದರೆ, ಮೂಲದಷ್ಟೇ ಚೂಪಾಗಿರುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗಳು ಹಾಡಿದ ಒಂದು ಲಾಲಿಯನ್ನು ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ರೆಕಾರ್ಡ್ ಮಾಡಿದೆ. ಆಷಾಢದ ದಿನಗಳು. ಹೆಂಚಿನ ಮಾಡಿನ ಮೇಲೆ ಮಳೆ ಬಿದ್ದರೆ ಮೈಕಿಗೆ ಬೇರೇನೂ ಕೇಳುವುದಿಲ್ಲವಾದ್ದರಿಂದ, ಎರಡು ಮಳೆಗಳ ನಡುವಿನ ಹೊಳವಿಗಾಗಿ ಕಾದು ಕಾದು ಒಂದೊಂದೇ ಸಾಲನ್ನು ಹಾಡಿಸಿದೆ. ಅಷ್ಟು ಕಷ್ಟಪಟ್ಟು ಹಿಡಿದ ಧ್ವನಿಗೆ ಧಾರಾಳವಾಗಿ ಡಿಲೇ ಹಾಕಿ ಕೇಳಿಸಿದಾಗ ಹುಡುಗಿ ಹೇಳಿದ್ದು: “ಮಾವ, ನನ್ನ ಹಿಂದೆ ಕೂತು ಯಾರೋ ಅಣಕಿಸಿದ ಹಾಗೆ ಕೇಳ್ತದೆ.”

ಅವಳ ಮಾತು ನಿಜವಾಗಿತ್ತು. ಕನ್ನಡದಲ್ಲಿ ಒತ್ತಕ್ಷರಗಳು ಹೆಚ್ಚು. ‘ಹಕ್ಕಿ’ ಎನ್ನುವಾಗ ‘ಹ’ದ ಬಳಿಕ ನಾಲಿಗೆ ಗಾಳಿಯನ್ನು ತಡೆದು ಹಿಡಿದಾಗ ಒಂದು ಪುಟ್ಟ ಮೌನವಿರುತ್ತದೆ, ಒತ್ತು ನಮಗೆ ಕೇಳಿಸುವುದಕ್ಕೆ ಆ ಮೌನದ ಉದ್ದ ಮುಖ್ಯ ಕಾರಣ. ಹಿಂದಿನ ಪದದ ಚೂಪಾದ ಮಾರ್ದನಿ ಬಂದು ಆ ಮೌನದೊಳಗೆ ಕೂತರೆ ಒತ್ತು ಸಡಿಲವಾಗುತ್ತದೆ, ಸಾಹಿತ್ಯ ಕಲಸಿಹೋಗುತ್ತದೆ. ಸಕಾರದ ಸೀಟಿಯಂಥ ಸದ್ದು ಸುಮಾರು 5,000 ಹರ್ಟ್ಸ್‌ನಿಂದ ಮೇಲೆ ದಟ್ಟವಾಗಿರುತ್ತದೆ; ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಕಂಪನ. ಮಾರ್ದನಿಯ ಆ ಭಾಗವನ್ನು ಕತ್ತರಿಸಿದರೆ, ಉಳಿದುದು ಹಾಡಿನ ಹಿಂದೆ ನಿಲ್ಲುತ್ತದೆ. ಈ ಕೆಲಸ ಲೋ ಪಾಸ್ ಫಿಲ್ಟರಿನದು. ಕೆಳಗಿನ ಗುಂಯ್‌ಗುಡುವಿಕೆಯನ್ನು ತೆಗೆಯುವುದು ಹೈ ಪಾಸ್ ಫಿಲ್ಟರಿನ ಕೆಲಸ. ಅದಿಲ್ಲದಿದ್ದರೆ ತಂಬೂರದ ಷಡ್ಜದ ಸುತ್ತ ಕೆಸರು ಕಟ್ಟುತ್ತದೆ. ಧ್ವನಿಗೆ 300 ಹರ್ಟ್ಸ್‌ನಿಂದ 3,000 ಹರ್ಟ್ಸ್‌ವರೆಗಿನ ಕಿಟಕಿಯೊಂದನ್ನು ಮೊದಲು ತೆರೆದು, ಅಲ್ಲಿಂದ ಕಿವಿ ಹೇಳಿದಂತೆ ಸರಿಸುತ್ತಾ ಹೋಗುವುದು ನನ್ನ ರೂಢಿ. ಹಳೆಯ ಟೆಲಿಫೋನಿನ ಕಿಟಕಿಯೂ ಹೆಚ್ಚುಕಡಿಮೆ ಇಷ್ಟೇ, 300ರಿಂದ 3,400ರವರೆಗೆ.

ಫಿಲ್ಟರನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಹೊಸಬರು ಅಷ್ಟಾಗಿ ಗಮನಿಸುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿದ್ಯೆಯ ತಿರುಳು ಅದೇ. ಡಿಲೇಯ ಹೊರಗೆ, ಅದರ ಮುಂದೆಯೋ ಹಿಂದೆಯೋ ಫಿಲ್ಟರ್ ಹಾಕಿದರೆ, ಎಲ್ಲ ಮಾರ್ದನಿಗಳೂ ಒಂದೇ ಸಮ ಮಂಕಾಗುತ್ತವೆ. ಮೊದಲನೆಯದಕ್ಕೂ ಐದನೆಯದಕ್ಕೂ ಗಟ್ಟಿತನದಲ್ಲಿ ಮಾತ್ರ ವ್ಯತ್ಯಾಸ. ಫೀಡ್‌ಬ್ಯಾಕಿನ ಸುತ್ತಿನೊಳಗೆ ಹಾಕಿದರೆ ಧ್ವನಿ ಸುತ್ತು ಬಂದಾಗಲೆಲ್ಲ ಮತ್ತೆ ಸೋಸಿಕೊಳ್ಳುತ್ತದೆ. ಅಷ್ಟಕಕ್ಕೆ, ಅಂದರೆ ಕಂಪನ ಇಮ್ಮಡಿಯಾದಾಗಲೆಲ್ಲ, ಸದ್ದಿನ ಗಟ್ಟಿತನವನ್ನು 12 ಡೆಸಿಬೆಲ್ ಇಳಿಸುವ ಲೋ ಪಾಸ್ ಫಿಲ್ಟರನ್ನು 3,000 ಹರ್ಟ್ಸ್‌ಗೆ ಇಟ್ಟರೆ, 6,000 ಹರ್ಟ್ಸ್‌ನ ಸದ್ದು ಒಂದು ಸುತ್ತಿಗೆ 12, ಎರಡಕ್ಕೆ 24, ಮೂರಕ್ಕೆ 36 ಡೆಸಿಬೆಲ್ ಕುಗ್ಗುತ್ತದೆ. ಫೀಡ್‌ಬ್ಯಾಕ್ ಅರ್ಧಕ್ಕಿದ್ದರೆ ಸುತ್ತಿಗೆ ಇನ್ನೂ 6 ಡೆಸಿಬೆಲ್. ಹೀಗೆ ಪ್ರತಿಯೊಂದು ಮಾರ್ದನಿಯೂ ಹಿಂದಿನದಕ್ಕಿಂತ ಒಂದು ಹೆಜ್ಜೆ ದೂರ ಹೋದಂತೆ ಕೇಳುತ್ತದೆ, ಇರುಳಿನಲ್ಲಿ ಗದ್ದೆಯಾಚೆಯ ಯಕ್ಷಗಾನದ ಆಟದ ಚೆಂಡೆಯನ್ನು ಬಯಲಿನಲ್ಲಿ ಹಿಂದೆ ಹಿಂದೆ ನಡೆಯುತ್ತಾ ಕೇಳಿದ ಹಾಗೆ. ನಿಮ್ಮ ಕಂಪ್ಯೂಟರಿನ ಡಿಲೇ ಪ್ಲಗಿನ್ನಿನಲ್ಲಿ ಫಿಲ್ಟರ್ ಸುತ್ತಿನ ಒಳಗಿದೆಯೋ ಹೊರಗಿದೆಯೋ ತಿಳಿಯಬೇಕಿದ್ದರೆ ಪುಸ್ತಕ ಹುಡುಕಬೇಕಾಗಿಲ್ಲ: ಒಂದೇ ಒಂದು ಚಪ್ಪಾಳೆಯನ್ನು ಅದಕ್ಕೆ ಕೊಟ್ಟು, ಐದನೆಯ ಮಾರ್ದನಿ ಮೊದಲನೆಯದಕ್ಕಿಂತ ಮಂಕಾಗಿದೆಯೇ ನೋಡಿ.

ಹಿಂದೆ ಇದನ್ನು ಯಾರೂ ಬೇಕೆಂದು ಮಾಡಬೇಕಾಗಿರಲಿಲ್ಲ. 1974ರಲ್ಲಿ ಬಂದ ರೋಲ್ಯಾಂಡ್ ಕಂಪನಿಯ ಸ್ಪೇಸ್ ಎಕೋದಂಥ ಯಂತ್ರಗಳಲ್ಲಿ ಧ್ವನಿ ನಿಜವಾದ ಟೇಪಿನ ಮೇಲೆ ದಾಖಲಾಗಿ, ಓದಿಸಿಕೊಂಡು, ಮತ್ತೆ ದಾಖಲಾಗುತ್ತಿತ್ತು. ಪ್ರತಿ ಬಾರಿಯೂ ತಾರ ಕಂಪನಗಳು ಒಂದಿಷ್ಟು ಕಳೆದುಹೋಗುತ್ತಿದ್ದವು. ಎಂಜಿನಿಯರುಗಳ ಪಾಲಿಗೆ ಅದು ದೋಷ, ಹಾಡುಗಾರರ ಪಾಲಿಗೆ ವರ. ಅದೇ ಕಾಲದಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಕಿಂಗ್ ಟಬ್ಬಿ ಎಂಬವನು, ಎಲೆಕ್ಟ್ರಾನಿಕ್ ಸಾಮಾನುಗಳ ರಿಪೇರಿಯಿಂದ ಬದುಕು ಶುರುಮಾಡಿದವನು, ಧ್ವನಿಗಳನ್ನು ಬೆರೆಸುವ ತನ್ನ ಮಿಕ್ಸರಿನ ಹೈ ಪಾಸ್ ಫಿಲ್ಟರಿನ ಗುಬುಟನ್ನು ಹಾಡು ಓಡುತ್ತಿರುವಾಗಲೇ ತಿರುಗಿಸುತ್ತಾ, ಮಾರ್ದನಿಗಳನ್ನು ತೆಳುವಾಗಿಸಿ ಮತ್ತೆ ತುಂಬಿಸುತ್ತಾ ಡಬ್ ಎಂಬ ಸಂಗೀತದ ರೂಪವನ್ನೇ ಕಟ್ಟಿದ. ಫಿಲ್ಟರನ್ನು ಒಂದು ಕಡೆ ಇಟ್ಟು ಮರೆತುಬಿಡಬೇಕಾಗಿಲ್ಲ, ಅದನ್ನೂ ವಾದ್ಯದಂತೆ ನುಡಿಸಬಹುದು ಎಂದು ನಾನು ಕಲಿತದ್ದು ಅವನ ಕೆಲಸವನ್ನು ಕೇಳಿಯೇ.

ಡಿಲೇ ಎಷ್ಟು ಹೊತ್ತಿನದಾಗಿರಬೇಕು ಎಂಬ ಲೆಕ್ಕ ಸುಲಭ. 60,000ವನ್ನು ನಿಮಿಷಕ್ಕೆ ಬೀಳುವ ಪೆಟ್ಟುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಪೆಟ್ಟಿನ ಮಿಲಿಸೆಕೆಂಡುಗಳು ಸಿಗುತ್ತವೆ. 80 ಪೆಟ್ಟಿನ ಹಾಡಿಗೆ 750, ಅದರ ಅರ್ಧ 375. ಏಳು ಅಕ್ಷರಗಳ ಮಿಶ್ರ ಛಾಪು ತಾಳದ ಹಾಡಾದರೆ ಮೂರು ಅಕ್ಷರಗಳ ಡಿಲೇ ಹಾಕಿ ನೋಡಿ. ಏಳಕ್ಕೆ ಮೂರು ಹೊಂದದ ಕಾರಣ ಮಾರ್ದನಿ ಒಂದೊಂದು ಆವರ್ತದಲ್ಲೂ ಬೇರೆ ಬೇರೆ ಕಡೆ ಬಿದ್ದು ತಾಳಕ್ಕೆ ಒಳಗಿನಿಂದ ಇನ್ನೊಂದು ನಡಿಗೆ ಬರುತ್ತದೆ. ಗಮಕ ತುಂಬಿದ ಆಲಾಪನೆಗೆ ಮಾತ್ರ ಡಿಲೇ ಹಾಕುವ ಮೊದಲು ಎರಡು ಸಲ ಯೋಚಿಸಬೇಕು: ಸ್ವರ ಸರಿದುಹೋದ ಮೇಲೂ ಅದರ ಹಿಂದಿನ ನೆಲೆ ಕೇಳುತ್ತಲೇ ಇರುವುದರಿಂದ ಎರಡೂ ಜಗಳವಾಡುತ್ತವೆ, ಆ ಜಗಳವನ್ನು ಯಾವ ಫಿಲ್ಟರೂ ಬಿಡಿಸಲಾರದು.

ಒಂದು ಎಚ್ಚರಿಕೆಯನ್ನು ನನ್ನ ಕಿವಿಯ ಖರ್ಚಿನಲ್ಲಿ ಕಲಿತಿದ್ದೇನೆ. ಫಿಲ್ಟರುಗಳಲ್ಲಿ ರೆಸೋನೆನ್ಸ್ ಎಂಬ ಇನ್ನೊಂದು ಗುಬುಟು ಇರುತ್ತದೆ. ಅದನ್ನು ಏರಿಸಿದರೆ ಕತ್ತರಿಸುವ ಜಾಗದಲ್ಲೇ ಸದ್ದು ಉಬ್ಬುತ್ತದೆ. ಫೀಡ್‌ಬ್ಯಾಕ್ ನೂರಕ್ಕೆ 80ರಲ್ಲಿದೆ, ಮಾರ್ದನಿ ಹೇಗೂ ಸಾಯುತ್ತದೆ ಎಂಬ ಧೈರ್ಯದಲ್ಲಿ ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅದನ್ನು ತಿರುಗಿಸಿದೆ. ಉಬ್ಬಿದ ಜಾಗದಲ್ಲಿ ಸದ್ದು ಇಮ್ಮಡಿಯಾದರೆ, 0.8ನ್ನು ಎರಡರಿಂದ ಗುಣಿಸಿದಾಗ 1.6, ಅಂದರೆ ಸುತ್ತು ಸುತ್ತಿಗೂ ಧ್ವನಿ ಕುಗ್ಗುವ ಬದಲು ಬೆಳೆಯುತ್ತದೆ. ಎರಡು ಸೆಕೆಂಡಿನೊಳಗೆ ಅದು ಅರಚಾಟವಾಯಿತು, ಹೆಡ್‌ಫೋನ್ ಕಿತ್ತೆಸೆದರೂ ಮರುದಿನ ಮಧ್ಯಾಹ್ನದವರೆಗೆ ಎಡಗಿವಿ ಗುಂಯ್‌ಗುಡುತ್ತಿತ್ತು. ಅಂದಿನಿಂದ ಡಿಲೇಯ ನಂತರ, ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಇಲ್ಲದೆ ನಾನು ರೆಸೋನೆನ್ಸ್ ಮುಟ್ಟುವುದಿಲ್ಲ.

ಆ ಲಾಲಿಯನ್ನು ಕೊನೆಗೆ ಸರಿಪಡಿಸಿದ ಬಗೆ ಹೀಗೆ. ಡಿಲೇಯನ್ನು ಹಾಡಿನುದ್ದಕ್ಕೂ ಬಿಡದೆ, ಸಾಲಿನ ಕೊನೆಯ ಪದಕ್ಕೆ ಮಾತ್ರ ಬಾಗಿಲು ತೆರೆದೆ; ಹುಡುಗಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾರ್ದನಿ ಮೂರು ಸಲ ಬಂದು ಮುಂದಿನ ಸಾಲಿಗೆ ಮುನ್ನ ಮುಗಿಯುತ್ತಿತ್ತು. ಇನ್ನೂ ಮೃದುವಾಗಲೆಂಬ ಆಸೆಯಿಂದ ಲೋ ಪಾಸನ್ನು 500 ಹರ್ಟ್ಸ್‌ವರೆಗೆ ಇಳಿಸಿದ್ದೆ, ಹೆಡ್‌ಫೋನಿನಲ್ಲಿ ಸೊಗಸಾಗಿಯೇ ಕೇಳುತ್ತಿತ್ತು. ತಂಗಿ ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಾ ಮೊಬೈಲಿನಲ್ಲಿ ಕೇಳಿ, “ಅಣ್ಣ, ನೀನು ಹೇಳಿದ ಮಾರ್ದನಿ ಎಲ್ಲಿ ಉಂಟು?” ಎಂದಳು. ಮೊಬೈಲಿನ ಪುಟ್ಟ ಸ್ಪೀಕರಿಗೆ 500ರ ಕೆಳಗಿನ ಸದ್ದನ್ನು ಸರಿಯಾಗಿ ಹೊರಡಿಸುವ ಶಕ್ತಿಯೇ ಇಲ್ಲ. ನಾನು ಉಳಿಸಿದ್ದನ್ನು ಅದು ನುಂಗಿಬಿಟ್ಟಿತ್ತು. ಮಧ್ಯಮ ತರಂಗದ ರೇಡಿಯೋ ಇನ್ನೊಂದು ತುದಿಯಿಂದ ಕತ್ತರಿಸುತ್ತದೆ: ನಮ್ಮ ದೇಶದಲ್ಲಿ ಆ ನಿಲಯಗಳ ನಡುವಿನ ಅಂತರ 9 ಕಿಲೋಹರ್ಟ್ಸ್, ಅಂದರೆ 9,000 ಹರ್ಟ್ಸ್, ಧ್ವನಿಗೆ ಸಿಗುವುದು ಅದರ ಸುಮಾರು ಅರ್ಧ ಮಾತ್ರ; ಆದ್ದರಿಂದ ಈ ಭಾಷಣವನ್ನು ಅದರಲ್ಲಿ ಕೇಳುತ್ತಿರುವವರಿಗೆ ನನ್ನ ಸಕಾರಗಳು ಈಗಾಗಲೇ ಸವೆದೇ ತಲುಪುತ್ತಿವೆ. ಮರುದಿನ ಲೋ ಪಾಸನ್ನು 2,200 ಹರ್ಟ್ಸ್‌ಗೆ ಏರಿಸಿ, ಈ ಬಾರಿ ಹೆಡ್‌ಫೋನನ್ನು ಬದಿಗಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊಬೈಲಿನಲ್ಲೇ ಕೇಳಿದೆ. ಕಾವಲಿಯ ಚುಂಯ್ ಸದ್ದಿನ ಹಿಂದಿನಿಂದಲೂ ಮೂರು ಮಾರ್ದನಿಗಳು ಒಂದರ ಹಿಂದೊಂದು ದೂರವಾಗುತ್ತಾ ಹೋದವು.

ನಮಸ್ಕಾರ.